ಮಕ್ಕಳೊಡನೆ ಮೈಸೂರು ಮೃಗಾಲಯಕ್ಕೆ

ಮೈಸೂರಿಗೆ ಹೋಗಿ ಬಂದ ಹಿರಿಯರು ಅರಮನೆಯ ವೈಭವವನ್ನು ವರ್ಣಿಸುತ್ತಾರೆ. ಎಳೆಯ ಮಕ್ಕಳಿಗಾದರೋ ಮೈಸೂರೆಂದರೆ ಮೃಗಾಲಯವೇ. ಪುಸ್ತಕದಲ್ಲಿ ಅಂಗೈಯಗಲದ ಚಿತ್ರವಾಗಿದ್ದ ಆನೆಯು ಕಣ್ಣೆದುರು ಬೆಟ್ಟದಂತೆ ನಿಂತಾಗ ಮಗುವಿನ ಮನಸ್ಸಿನಲ್ಲಿ ಮೂಡುವ ಬೆರಗು ಯಾವ ಪಾಠದಿಂದಲೂ ಬರುವಂಥದಲ್ಲ. ಆ ಬೆರಗಿನ ಜೊತೆಗೆ ಮಕ್ಕಳು ಮತ್ತೇನನ್ನು ಮನೆಗೆ ತರುತ್ತಾರೆಂಬುದು ಮಾತ್ರ ಕರೆದೊಯ್ಯುವ ಹಿರಿಯರನ್ನೇ ಅವಲಂಬಿಸಿದೆ.

ಈ ಮೃಗಾಲಯವನ್ನು ೧೮೯೨ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದರು. ಮೊದಲಿಗೆ ಇದ್ದದ್ದು ಸುಮಾರು ೧೦ ಎಕರೆ. ಇಂದು ಅದು ೧೫೦ ಎಕರೆಗೂ ಮಿಗಿಲಾಗಿ ಬೆಳೆದಿದೆ. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ಉದ್ಯಾನವನ್ನು ರೂಪಿಸಿದ್ದರಿಂದ, ಪ್ರಾಣಿಗಳನ್ನು ನೋಡಲು ಬಂದವರಿಗೆ ಮರಗಳ ತಣ್ಣೆಳಲೂ ದೊರೆಯುತ್ತದೆ. ಸ್ಥಾಪಕ ದೊರೆಗಳ ಹೆಸರನ್ನೇ ಹೊತ್ತು ಇದು ಶ್ರೀ ಚಾಮರಾಜೇಂದ್ರ ಮೃಗಾಲಯವೆನಿಸಿದೆ.

ನಾವು ಹೊರಟದ್ದು ಐವರು: ನಾವಿಬ್ಬರು ದಂಪತಿಗಳು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಹಾಗೂ ಅವರ ಅಜ್ಜಿ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆಯಾದುದರಿಂದ ಬುಧವಾರವನ್ನು ಆರಿಸಿಕೊಂಡೆವು. ಚಾಮರಾಜನಗರದಲ್ಲಿ ಬೆಳಗಿನ ರೈಲು ಹತ್ತಿ, ನಂಜನಗೂಡಿನ ಬಳಿ ಕಪಿಲೆಯನ್ನು ದಾಟಿ, ಬಿಸಿಲೇರುವ ಮುನ್ನವೇ ಮೈಸೂರು ತಲುಪಿದೆವು. ಎಳೆಯ ಕಾಲುಗಳಿಗೆ ಇಡೀ ಮೃಗಾಲಯವನ್ನು ಸುತ್ತುವುದು ಕಷ್ಟವೇ. ಆದುದರಿಂದ ಎಲ್ಲವನ್ನೂ ನೋಡಬೇಕೆಂಬ ಆಸೆ ಬಿಟ್ಟು, ತಮಗಿಷ್ಟವಾದ ಮೂರು ಮೂರು ಪ್ರಾಣಿಗಳನ್ನು ಆರಿಸಿಕೊಳ್ಳುವಂತೆ ಮಕ್ಕಳಿಗೆ ಹೇಳಿದೆವು. ಆರಿಸಿದ್ದನ್ನು ನಿಂತು, ಮನದಣಿಯೆ ನೋಡುವುದು ನಮ್ಮ ನಿಯಮವಾಯಿತು.

ಜಿರಾಫೆಯ ಮುಂದೆ ಮಗ ಕತ್ತೆತ್ತಿ ನಿಂತವನು ನಿಂತೇ ಇದ್ದ. ಅಷ್ಟುದ್ದದ ಕತ್ತಿನಲ್ಲಿಯೂ ನಮ್ಮ ಕತ್ತಿನಲ್ಲಿರುವಂತೆ ಏಳೇ ಮೂಳೆಗಳಿವೆಯೆಂದು ತಿಳಿಸಿದಾಗ ತನ್ನ ಕತ್ತನ್ನೇ ಮುಟ್ಟಿ ನೋಡಿಕೊಂಡ. ಮಗಳು ಆರಿಸಿದ್ದು ಸಿಂಗಳೀಕವನ್ನು. ಕಪ್ಪು ಮುಖದ ಸುತ್ತ ಬೂದುಬಿಳಿ ಕೇಸರವುಳ್ಳ ಈ ಕೋತಿಗೆ ಪಶ್ಚಿಮಘಟ್ಟದ ಕಾಡುಗಳ ಹೊರತು ಪ್ರಪಂಚದಲ್ಲಿ ಬೇರೆಲ್ಲಿಯೂ ನೆಲೆಯಿಲ್ಲ. ಇಲ್ಲಿದ್ದ ಪೋಲೋ ಎಂಬ ಗೊರಿಲ್ಲಾ ೨೦೧೪ರಲ್ಲಿ ಸತ್ತಿತು. ೨೦೨೧ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ದೂರದೇಶದ ಈ ಅತಿಥಿಗಳ ಮುಂದೆ ಜನಸಂದಣಿ ಹೆಚ್ಚು. ನಮ್ಮದೇ ನಾಡಿನ ಸಿಂಗಳೀಕವೂ ಅಷ್ಟೇ ಅಪರೂಪವೆಂಬುದನ್ನು ಮಕ್ಕಳಿಗೆ ನಾವೇ ತಿಳಿಸಬೇಕು.

ಚಿರತೆಯ ಆವರಣದ ಮುಂದೆ ಅಜ್ಜಿ ಮೌನವಾದರು. ಅವರ ಊರು ಕಾಡಂಚಿನದು. ಎರಡು ವರ್ಷದ ಹಿಂದೆ ಕೊಟ್ಟಿಗೆಯಿಂದ ಅವರ ಕರುವನ್ನು ಚಿರತೆ ಹೊತ್ತೊಯ್ದಿತ್ತು. ಅದನ್ನು ಬಲ್ಲ ಮಗಳು, “ಅಜ್ಜೀ, ಎಲ್ಲಾ ಚಿರತೆಗಳನ್ನೂ ಹಿಡಿದು ಹೀಗೇ ಕೂಡಿಹಾಕಿಬಿಟ್ಟರೆ ಒಳ್ಳೆಯದಲ್ವಾ?” ಎಂದು ಕೇಳಿದಳು. ಕರುವಿಗಾಗಿ ಎರಡು ದಿನ ಅನ್ನ ಬಿಟ್ಟಿದ್ದ ಅಜ್ಜಿ ಏನೆನ್ನುವರೋ ಎಂದು ನಾವೂ ಕಾದೆವು. ಅವರು ಮೊಮ್ಮಗಳ ತಲೆ ನೇವರಿಸಿ, “ಅದುಕ್ಕೂ ಹೊಟ್ಟೆ ಅದೆ ಕಣವ್ವ. ಕಾಡಲ್ಲಿ ಸಿಗದಿದ್ರೆ ಊರ್ಗೆ ಬತ್ತದೆ. ಅದುರ್ ಕಾಡು ಅದುಕ್ಕಿರ್ಲಿ, ನಮ್ ಕೊಟ್ಟಿಗೆಗೆ ನಾವು ಭದ್ರವಾದ ಬಾಗ್ಲು ಹಾಕವ” ಎಂದರು.

ನಷ್ಟ ಉಂಡವರ ಬಾಯಿಂದಲೇ ಬಂದ ಈ ಮಾತಿಗೆ ನಾವು ಸೇರಿಸಬೇಕಾದುದು ಏನೂ ಇರಲಿಲ್ಲ. ಕಾಡಂಚಿನ ರೈತನ ಸಂಕಟವೂ ನಿಜ, ಕಾಡು ಕಿರಿದಾದ ಪ್ರಾಣಿಯ ಸಂಕಟವೂ ನಿಜ. ಊರಿಗೆ ನುಗ್ಗಿ ಸೆರೆಯಾದ, ಗಾಯಗೊಂಡ ಪ್ರಾಣಿಗಳ ಆರೈಕೆಗೆಂದೇ ಮೈಸೂರಿನ ಹೊರವಲಯದ ಕೂರ್ಗಳ್ಳಿಯಲ್ಲಿ ಮೃಗಾಲಯದ ಪುನರ್ವಸತಿ ಕೇಂದ್ರವಿದೆ. ಅಂಥ ಕೇಂದ್ರದ ಅಗತ್ಯ ಬಂದಿರುವುದೇ ನಮ್ಮೆಲ್ಲರ ಯೋಚನೆಗೆ ತಕ್ಕ ವಿಷಯ.

ಹೋಗುವವರಿಗೆ ಒಂದೆರಡು ಮಾತು. ಕೂಗಿ ಕರೆಯುವುದು, ಕಲ್ಲೆಸೆದು ಎಬ್ಬಿಸುವುದು, ತಿಂಡಿ ಎಸೆಯುವುದು ಇವು ಪ್ರೀತಿಯ ಲಕ್ಷಣಗಳಲ್ಲ. ನಾವು ಎಸೆಯುವ ಒಂದು ತುತ್ತು ಪ್ರಾಣಿಗೆ ರೋಗ ತರಬಹುದು. ಪ್ಲಾಸ್ಟಿಕ್ ಚೀಲಗಳನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಲೇಸು. ಡಬ್ಬಿಯಲ್ಲಿ ಒಯ್ದ ಚಿತ್ರಾನ್ನ, ಮೊಸರನ್ನವನ್ನು ನಾವು ಹೊರಬಂದ ಮೇಲೆ ನೆರಳಿನಲ್ಲಿ ಕುಳಿತು ಉಂಡೆವು. ಪಕ್ಕದಲ್ಲೇ ಕಾರಂಜಿ ಕೆರೆಯಿದೆ. ದಣಿದ ಮಕ್ಕಳಿಗೆ ಹಕ್ಕಿಗಳ ದರ್ಶನವೂ ತಂಗಾಳಿಯೂ ಅಲ್ಲಿ ಸಿಗುತ್ತವೆ. ಪ್ರಾಣಿಗಳನ್ನು ದತ್ತು ಪಡೆದು ಅವುಗಳ ಪಾಲನೆಗೆ ನೆರವಾಗುವ ಯೋಜನೆಯೂ ಮೃಗಾಲಯದಲ್ಲಿದೆ. ಮಕ್ಕಳ ಹುಟ್ಟುಹಬ್ಬದ ಖರ್ಚಿನಲ್ಲಿ ಒಂದು ಪಾಲು ಅದಕ್ಕೆ ಸಂದರೆ ಚೆನ್ನು.

ದಯೆಯನ್ನು ಮಕ್ಕಳಿಗೆ ಉಪದೇಶದಿಂದ ಕಲಿಸಲಾಗದು. ಹಿರಿಯರ ನಡೆಯಲ್ಲಿ ಕಂಡೇ ಅವರು ಕಲಿಯಬೇಕು. ಆದುದರಿಂದ ಮೃಗಾಲಯಕ್ಕೆ ಹೊರಡುವಾಗ ಮನೆಯ ಅಜ್ಜ ಅಜ್ಜಿಯರನ್ನೂ ತಪ್ಪದೆ ಕರೆದೊಯ್ಯಿರಿ.