ಕಿವಿ ಮುರಿದ ಎಂಜಿನ್

ಆ ಎಂಜಿನ್ ಸಿಕ್ಕಿದ್ದು ಚಿಕ್ಕಪೇಟೆ ಬದಿಯ ಸಂಡೆ ಬಜಾರಿನಲ್ಲಿ. ತುಕ್ಕು ಹಿಡಿದ ಸ್ಪ್ಯಾನರು, ಒಂಟಿ ಬೂಟು, ಮುಳ್ಳಿಲ್ಲದ ಅಲಾರಾಂ ಗಡಿಯಾರಗಳ ನಡುವೆ ಗೋಣಿತಾಟಿನ ಮೇಲೆ ಬಿದ್ದಿತ್ತು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಮಾರುವವನಿಗೆ ಅದು ಏನೆಂದು ಗೊತ್ತಿರಲಿಲ್ಲ. ‘ಸ್ಪ್ರೇ ಪಂಪು ಸಾರ್, ಒರಿಜಿನಲ್’ ಅಂದ. ಓಡುತ್ತದೆ ಎಂದು ತೋರಿಸಲು ಮುಂದಿನ ಶಾಫ್ಟನ್ನು ಇಕ್ಕಳದಲ್ಲಿ ಕಚ್ಚಿ ತಿರುಗಿಸಲು ನೋಡಿದ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಅಲುಗದಿದ್ದರಿಂದಲೇ ನನಗೆ ಮೂವತ್ತು ರೂಪಾಯಿಗೆ ಬಿಟ್ಟುಕೊಟ್ಟ.

ಎಂಬತ್ತರ ದಶಕದ ಮಾತು. ನಾನು ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿದ್ದೆ. ಬಾಲ್ಸಾ ಮರ, ಟಿಶ್ಯೂ ಕಾಗದ, ಡೋಪ್ ಎಂಬ ವಾರ್ನಿಷಿನ ವಾಸನೆ ತಲೆಗೇರಿದ್ದ ಕಾಲ. ಮಾದರಿ ವಿಮಾನದ ಒಡಲನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು, ಎಂಜಿನ್ ಮಾತ್ರ ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಗೋಣಿತಾಟಿನ ಮೇಲೆ ಬಿದ್ದಿದ್ದು ಏನೆಂದು ನೋಡಿದ ತಕ್ಷಣ ಗೊತ್ತಾಯಿತು. ಅದು ಮಿಲ್ಸ್ ನಮೂನೆಯ 1.3 ಸಿಸಿ ಡೀಸೆಲ್. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿದ ವಿನ್ಯಾಸ. ಅಲ್ಲಿ ಅದರ ತಯಾರಿಕೆ ನಿಂತುಹೋದ ಮೇಲೂ ಕಲ್ಕತ್ತಾದಲ್ಲಿ ಅದೇ ನಮೂನೆಯ ಎಂಜಿನ್‌ಗಳು ತಯಾರಾಗುತ್ತಿದ್ದವು. ನಮ್ಮಂಥವರ ಕಣ್ಣಿಗೆ ಬೀಳುತ್ತಿದ್ದುದು ಹೆಚ್ಚಾಗಿ ಅವೇ.

ಮನೆಗೆ ತಂದು ಸೋದರಮಾವನ ಮುಂದಿಟ್ಟೆ. ಮಾವ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಯಲ್ಲಿದ್ದವರು. ಮಾತು ಕಡಿಮೆ, ಬೈಗುಳ ಜಾಸ್ತಿ. ಅವರು ಮೊದಲು ಮಾಡಿದ ಕೆಲಸವೆಂದರೆ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡಿದ್ದು. ಆಮೇಲೆ ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಎಂಜಿನ್ನನ್ನು ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ನನಗೂ ಲೂಪ್ ಕೊಟ್ಟರು. ಹೊಗೆ ಹೋಗುವ ಕಿಂಡಿಯೊಳಗೆ ಪಿಸ್ಟನ್ನಿನ ಪಕ್ಕೆ ಕಾಣುತ್ತಿತ್ತು. ಅದರ ಮೇಲೆ ಜೇನುಬಣ್ಣದ ಗಟ್ಟಿ ಪೊರೆ. ಆ ಪೊರೆಯಲ್ಲಿ ಸಿಕ್ಕಿಕೊಂಡ ಕೆಮ್ಮಣ್ಣಿನ ಕಣಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ.

‘ವಿಮಾನ ಮೂತಿ ಕೆಳಗಾಗಿ ಬಿದ್ದಿದೆ. ಬಾಯಿ ತುಂಬ ಮಣ್ಣು ಮುಕ್ಕಿದೆ. ಇವತ್ತಿಂದ ನಾನು ಹೇಳೋವರೆಗೂ ಇದನ್ನ ತಿರುಗಿಸಿದ್ರೆ ಕೈ ಮುರೀತೀನಿ’ ಅಂದರು.

ಯಾಕೆ ಅಂತ ಹೇಳುತ್ತೇನೆ ಕೇಳಿ. ಈ ಎಂಜಿನ್ನಿನ ಪಿಸ್ಟನ್ನಿಗೆ ರಿಂಗ್ ಇಲ್ಲ. ಬೀಡು ಕಬ್ಬಿಣದ ಪಿಸ್ಟನ್, ಉಕ್ಕಿನ ಸಿಲಿಂಡರ್, ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ನಡುವೆ ಇರುವ ಸಂದು ಮೈಕ್ರಾನ್ ಲೆಕ್ಕದ್ದು. ಆ ಸಂದಿನಲ್ಲಿ ಎಣ್ಣೆಯ ಪೊರೆ ನಿಂತರೆ ಮಾತ್ರ ಒತ್ತಡ ನಿಲ್ಲುತ್ತದೆ. ಒಂದು ಮರಳಿನ ಕಣ ಅದರೊಳಗೆ ಹೊಕ್ಕು ಮೇಲೆ ಕೆಳಗೆ ಓಡಾಡಿದರೆ ಗೋಡೆಗೆ ಉದ್ದುದ್ದ ಗೀರು ಬೀಳುತ್ತದೆ. ಆಮೇಲೆ ಎಂಜಿನ್ನು ಕಾಗದ ಹಾರಿಹೋಗದಂತೆ ಮೇಜಿನ ಮೇಲಿಡಲು ಸರಿ. ಆದರೆ ನಮ್ಮದರ ಅದೃಷ್ಟ ನೋಡಿ. ಬಿದ್ದ ಮೇಲೆ ಯಾರೋ ಅದನ್ನು ಹಾಗೇ ಮೂಲೆಗೆಸೆದಿದ್ದಾರೆ. ಒಳಗಿದ್ದ ಹರಳೆಣ್ಣೆ ಒಣಗಿ, ಹಲಸಿನ ಮೇಣದಂತೆ ಪಿಸ್ಟನ್ನನ್ನು ಕಚ್ಚಿ ಹಿಡಿದಿದೆ. ಅದಾದ ಮೇಲೆ ಬಜಾರಿನವನ ಇಕ್ಕಳಕ್ಕೂ ಏನೂ ಮಾಡಲಾಗಲಿಲ್ಲ. ಅಂಟು ಹಿಡಿದಿದ್ದೇ ಅದನ್ನು ಕಾಪಾಡಿತ್ತು.

ಹರಳೆಣ್ಣೆ ಅಂದೆನಲ್ಲ, ಈ ಎಂಜಿನ್ನಿನ ಆಹಾರವೇ ವಿಚಿತ್ರ. ಸೀಮೆಎಣ್ಣೆ, ಹರಳೆಣ್ಣೆ, ಈಥರ್, ಮೂರೂ ಸಮಪಾಲು. ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಕಿಡಿ ಇಲ್ಲ. ಸಿಲಿಂಡರಿನ ನೆತ್ತಿಯಲ್ಲಿ ಕಾಂಟ್ರಾ ಪಿಸ್ಟನ್ ಎಂಬ ಇನ್ನೊಂದು ಗಿಡ್ಡ ಪಿಸ್ಟನ್ ಬಿಗಿಯಾಗಿ ಕೂತಿರುತ್ತದೆ. ಮೇಲಿನ ತಿರುಪು ತಿರುಗಿಸಿದರೆ ಅದು ಕೆಳಗಿಳಿಯುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಒತ್ತಿದ ಗಾಳಿಯ ಬಿಸಿಗೆ ಮೊದಲು ಹೊತ್ತಿಕೊಳ್ಳುವುದು ಈಥರ್, ಅದರ ಹಿಂದೆ ಸೀಮೆಎಣ್ಣೆ. ಹರಳೆಣ್ಣೆಯದು ಕೀಲೆಣ್ಣೆಯ ಪಾತ್ರ. ಅದು ಬಹುಪಾಲು ಉರಿಯದೆ ಹೊಗೆಯ ಜತೆ ಆಚೆ ಬಂದು ವಿಮಾನದ ರೆಕ್ಕೆ, ಅಂಗಿ, ಹುಬ್ಬು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ.

ಮಾವ ಎಂಜಿನ್ನನ್ನು ಹಾರ್ಲಿಕ್ಸ್ ಬಾಟಲಿಯೊಳಗೆ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟರು. ರೇಷನ್ ಸೀಮೆಎಣ್ಣೆ ಆಟಕ್ಕೆ ಹೋಯಿತೆಂದು ಅಮ್ಮನ ತಕರಾರು ಬೇರೆ. ದಿನಾ ಸಂಜೆ ಶಿಫ್ಟ್ ಮುಗಿಸಿ ಬಂದು, ಇಂಜೆಕ್ಷನ್ ಸಿರಿಂಜಿನಲ್ಲಿ ಹೊಸ ಸೀಮೆಎಣ್ಣೆ ತುಂಬಿ ಕಿಂಡಿಗಳಿಂದ ಹಾಯಿಸುವುದು, ಬಾಟಲಿಯ ತಳದಲ್ಲಿ ಕೂತ ಮಣ್ಣನ್ನು ನೋಡುವುದು, ಮತ್ತೆ ಮುಳುಗಿಸುವುದು. ತಳದಲ್ಲಿ ಕೆಂಪು ಕಾಣದ ದಿನ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯ ಸರದಿ. ಅದಕ್ಕೆ ಮುಂಚೆ ಎಂಜಿನ್ನನ್ನು ಚೆನ್ನಾಗಿ ಒರೆಸಿ, ಸೀಮೆಎಣ್ಣೆ ಪೂರಾ ಆರುವವರೆಗೆ ಅಂಗಳದಲ್ಲಿಟ್ಟರು. ಪೆಟ್ಟಿಗೆಯನ್ನು ತಲೆಕೆಳಗಾಗಿ ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ, ಅದರ ಕಾದ ತಳದ ಮೇಲೆ ಎಂಜಿನ್ ಕೂರಿಸಿದರು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಉಕ್ಕಿಗಿಂತ ಸುಮಾರು ಎರಡು ಪಟ್ಟು. ಎಂಜಿನ್ನಿನ ಅಲ್ಯೂಮಿನಿಯಂ ಕವಚ ಹಿಗ್ಗಿ ಹಿಡಿತ ಸಡಿಲಿಸಿತು, ಒಳಗಿನ ಅಂಟು ಮೆತ್ತಗಾಯಿತು. ಮಾವ ಸಿಲಿಂಡರಿನ ರೆಕ್ಕೆಗಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲೊಂದು ಹಳೆ ಬೆಲ್ಟಿನ ತೊಗಲು ಬಿಗಿದು, ಬರಿ ಮಣಿಕಟ್ಟಿನ ಬಲದಲ್ಲಿ ತಿರುವಿದರು. ಬಿಚ್ಚಿಕೊಂಡಿತು. ಇಕ್ಕಳ ಮುಟ್ಟಲೇ ಇಲ್ಲ.

ನನ್ನ ಅಂದಾಜಿನಲ್ಲಿ ಇಂಥ ಎಂಜಿನ್‌ಗಳು ಬಿದ್ದು ಸತ್ತಿದ್ದಕ್ಕಿಂತ ರಿಪೇರಿಯವನ ಕೈಯಲ್ಲಿ ಸತ್ತಿದ್ದೇ ಹೆಚ್ಚು. ನೋಡಿ ಬೇಕಾದರೆ, ಹಳೆ ಎಂಜಿನ್ ಯಾವುದೇ ಇರಲಿ, ಮೈಮೇಲಿನ ಇಕ್ಕಳದ ಹಲ್ಲಿನ ಗುರುತೇ ಅದರ ಜಾತಕ.

ಒಳಗೆ ಎಲ್ಲ ನೆಟ್ಟಗಿತ್ತು. ಶಾಫ್ಟ್ ಬಾಗಿರಲಿಲ್ಲ, ಕನೆಕ್ಟಿಂಗ್ ರಾಡ್ ಸರಿ ಇತ್ತು. ಪಿಸ್ಟನ್ ಯಾವ ಮುಖವಾಗಿ ಕೂತಿತ್ತೋ ಅದೇ ಮುಖವಾಗಿ ವಾಪಸ್ ಹೋಗಲೆಂದು ಒಳಮೈಗೆ ಪೆನ್ಸಿಲ್ ಗುರುತು ಹಾಕಿದರು. ಕಾಂಟ್ರಾ ಪಿಸ್ಟನ್ ಕಚ್ಚಿಕೊಂಡಿತ್ತು. ಅದನ್ನು ಮತ್ತೆ ಕಾಯಿಸಿ, ಕೆಳಗಿನಿಂದ ಬಿದಿರಿನ ಕಡ್ಡಿ ಇಟ್ಟು ಮೆಲ್ಲಗೆ ಮೇಲಕ್ಕೆ ತಳ್ಳಿದರು. ನಾನು ಪಿಸ್ಟನ್ನಿಗೆ ಸ್ವಲ್ಪ ಬ್ರಾಸ್ಸೋ ಹಾಕಿ ಫಳಫಳ ಮಾಡೋಣವೇ ಅಂದೆ. ‘ಫಳಫಳ ಬೇಕಾದ್ರೆ ದೇವರ ಮನೆ ಗಂಟೆ ಉಜ್ಜು ಹೋಗು’ ಅಂದರು.

ಮುರಿದ ಕಿವಿಯದೇ ತಲೆನೋವು. ಎಂಜಿನ್ನನ್ನು ಮರದ ತೊಲೆಗಳಿಗೆ ಬಿಗಿಯಲು ಎರಡು ಬದಿ ಚಾಚಿಕೊಂಡ ಕಿವಿಗಳು, ಒಟ್ಟು ನಾಲ್ಕು ತೂತು. ಅದರಲ್ಲಿ ಒಂದು ಮೂಲೆ ತೂತಿನ ಸಮೇತ ಹಾರಿಹೋಗಿತ್ತು. ಗ್ಯಾಸ್ ವೆಲ್ಡಿಂಗ್ ಮಾಡಿಸೋಣ ಎಂದು ಎಲ್ಲರೂ ಸಲಹೆ ಕೊಟ್ಟರು. ಮಾವ ಒಪ್ಪಲಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಎರಕದ ಮಿಶ್ರಲೋಹ ಇನ್ನೂ ಕೆಳಗೇ. ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೋಡನೋಡುತ್ತ ಕುಸಿದುಬಿಡುತ್ತದೆ. ಅಷ್ಟು ತೆಳು ಗೋಡೆಯ ಮೇಲೆ ಜ್ವಾಲೆ ಹಿಡಿದರೆ ಕಿವಿ ಬರಲಿ ಬಿಡಲಿ, ಹೊಟ್ಟೆ ಸೊಟ್ಟಗಾಗುವುದು ಖಂಡಿತ. ಅವರು ಮುರಿದ ಜಾಗವನ್ನು ಅರದಿಂದ ಸಮ ಮಾಡಿ, ಉಳಿದ ಮೋಟಿನ ಮೇಲೆ ಒರಗುವಂತೆ ಒಂದು ಹಿತ್ತಾಳೆ ಪಟ್ಟಿ ಬಗ್ಗಿಸಿ, ಪಕ್ಕದ ತೂತಿಗೂ ತೊಲೆಗೂ ಸೇರಿಸಿ ಬಿಗಿಯುವ ಏರ್ಪಾಡು ಮಾಡಿದರು. ಅಂದವಾಗೇನೂ ಕಾಣುತ್ತಿರಲಿಲ್ಲ.

ಸೂಜಿಯ ಕೆಲಸ ಮಾತ್ರ ನಿಜವಾದ ಗಡಿಯಾರದವರ ಕೆಲಸ. ಇಂಧನ ಎಷ್ಟು ಒಳಗೆ ಹೋಗಬೇಕೆಂದು ತೀರ್ಮಾನಿಸುವುದೇ ಆ ಸೂಜಿ. ಅದರ ತಿರುಪಿನ ಮರೆ ಇರುವ ಹಿಡಿಕೆ ಉಳಿದಿತ್ತು, ಮೊನೆ ಹೋಗಿತ್ತು. ಅಮ್ಮನ ಹೊಲಿಗೆ ಡಬ್ಬಿಯಿಂದ ದಪ್ಪ ರಫೂ ಸೂಜಿ ಬಂತು. ಅದರ ಕಣ್ಣಿನ ಭಾಗ ಮುರಿದು, ಹಿಡಿಕೆಯೊಳಗೆ ಕೂರಿಸಿ, ಆಸಿಡ್ ಫ್ಲಕ್ಸ್ ಹಚ್ಚಿ ಬೆಸುಗೆ ಹಾಕಿದರು. ಆಮೇಲೆ ಬೆರಳುಗಳ ನಡುವೆ ಹೊರಳಿಸುತ್ತ, ಎಣ್ಣೆಕಲ್ಲಿನ ಮೇಲೆ ಎಳೆಯುತ್ತ, ಮೊನೆಯ ಇಳಿಜಾರನ್ನು ಇನ್ನೂ ನೀಳ ಮಾಡಿದರು. ಇಳಿಜಾರು ನೀಳವಾದಷ್ಟೂ ಇಂಧನದ ಹದ ನಾಜೂಕಾಗಿ ಸಿಗುತ್ತದಂತೆ. ಬೆಸುಗೆ ತುಸು ಓರೆಯಾಗಿದ್ದರೂ ಮೊನೆ ತೂತಿನ ಒಂದೇ ಬದಿಗೆ ಒರಗುತ್ತದೆ. ಹಾಗಾಗಿ ಹಿಡಿಕೆ ತಿರುಗಿಸಿ ಮೊನೆ ಗಾಳಿಯಲ್ಲಿ ವೃತ್ತ ಬರೆಯುತ್ತದೋ ಎಂದು ಲೂಪಿನಲ್ಲಿ ನೋಡುವುದು, ಮತ್ತೆ ಕಾಯಿಸಿ ನೆಟ್ಟಗೆ ಮಾಡುವುದು. ಊಟಕ್ಕೆ ಕರೆದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಗ್ಯಾಸ್ಕೆಟ್ಟಿಗೆ ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್ ಸಾಕಾಯಿತು. ಜೋಡಿಸಿ, ಹರಳೆಣ್ಣೆ ತೊಟ್ಟಿಕ್ಕಿ, ಪ್ರೊಪೆಲ್ಲರ್ ಹಾಕಿದ ಮೇಲೆ ಮಾವ ಮೊದಲ ಸಲ ತಿರುಗಿಸಲು ಬಿಟ್ಟರು. ಪಿಸ್ಟನ್ ಮೇಲೆ ಬಂದಾಗ ಬೆರಳನ್ನು ಹಿಂದಕ್ಕೆ ತಳ್ಳುವ ಒಂದು ಪುಟಿತ ಸಿಕ್ಕಿತು. ಒತ್ತಡ ನಿಂತಿತ್ತು.

ಈಥರ್ ಹೊಂದಿಸುವುದು ಬೇರೆಯೇ ಕಥೆ. ಲ್ಯಾಬುಗಳಿಗೆ ರಾಸಾಯನಿಕ ಮಾರುವ ಅಂಗಡಿಯವರು ಹುಡುಗರಿಗೆ ಕೊಡುತ್ತಿರಲಿಲ್ಲ, ಕಾಲೇಜಿನ ಚೀಟಿ ಬೇಕಿತ್ತು. ಸಿಕ್ಕಿದ ಮೇಲೂ ಕಾಟ. ಅದು ಕುದಿಯುವುದು 35 ಡಿಗ್ರಿಗೆ, ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಅದು ದೂರದ ಮಾತಲ್ಲ. ಮುಚ್ಚಳ ಸಡಿಲಾದರೆ ಈಥರ್ ಹಾರಿಹೋಗಿ ಬರಿ ಎಣ್ಣೆ ಉಳಿಯುತ್ತದೆ. ಅದರ ಆವಿಗೆ ಬೆಂಕಿ ಸೋಂಕಿದರಂತೂ ಮುಗಿಯಿತು. ಆದ್ದರಿಂದ ಬಾಟಲಿ ಅಡುಗೆಮನೆ ಕಡೆ ಸುಳಿಯಕೂಡದು, ಬೆರೆಸುವುದೇನಿದ್ದರೂ ಬೆಳಿಗ್ಗೆ, ಹಿತ್ತಲಲ್ಲಿ.

ಹಿತ್ತಲ ಹಲಗೆಗೆ ಎಂಜಿನ್ ಬಿಗಿದು, ಬೆರಳಿಗೆ ಟ್ಯೂಬಿನ ತುಂಡು ತೊಟ್ಟು, ಕಿಂಡಿಗೆ ಎರಡು ಹನಿ ಇಂಧನ ಬಿಟ್ಟು ಪ್ರೊಪೆಲ್ಲರ್ ಬೀಸುತ್ತ ಹೋದೆ. ಮಾವ ತಿರುಪನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತ ಹೋದರು. ಒಮ್ಮೆ ಕೆಮ್ಮಿತು. ಒಮ್ಮೆ ನನ್ನ ಬೆರಳಿಗೆ ಸರಿಯಾಗಿ ಬಾರಿಸಿತು. ಆಮೇಲೆ ತಟ್ಟನೆ ಹಿಡಿದುಕೊಂಡು ಓಡತೊಡಗಿತು, ಮತ್ತು ಹರಳೆಣ್ಣೆ ಹೊಗೆಯೆಲ್ಲ ನೇರ ನನ್ನ ಮುಖಕ್ಕೆ! ಹಿಂದುಮುಂದಾಗಿ ಓಡುತ್ತಿತ್ತು. ಈ ನಮೂನೆಯಲ್ಲಿ ಗಾಳಿ ಒಳಬರುವ ಕಿಂಡಿಯನ್ನು ಪಿಸ್ಟನ್ನಿನ ಅಂಚೇ ತೆರೆದು ಮುಚ್ಚುತ್ತದೆ. ಹಾಗಾಗಿ ಎಡಕ್ಕೋ ಬಲಕ್ಕೋ ಎಂಬ ಭೇದ ಅದಕ್ಕಿಲ್ಲ, ಎರಡೂ ಕಡೆ ಒಂದೇ ಉತ್ಸಾಹ. ಇಂಧನದ ಕೊಳವೆ ಚಿವುಟಿ ನಿಲ್ಲಿಸಿ ಮತ್ತೆ ಬೀಸಿದಾಗ ದಾರಿಗೆ ಬಂತು. ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಇಟ್ಟಿರೇನು ಎಂದು ಕಾಂಪೌಂಡಿನ ಮೇಲಿಂದ ಇಣುಕಿದರು. ಮಾವ ಉತ್ತರ ಕೊಡಲಿಲ್ಲ. ತಿರುಪು, ಸೂಜಿ ಎರಡನ್ನೂ ಒಂದಿಷ್ಟು ಇತ್ತ, ಒಂದಿಷ್ಟು ಅತ್ತ ಮಾಡುತ್ತ, ಒಡಕು ಸದ್ದು ಹೋಗಿ ಒಂದೇ ಶ್ರುತಿಗೆ ನಿಲ್ಲುವವರೆಗೂ ಕಿವಿಗೊಟ್ಟು ಕೂತಿದ್ದರು.

ಜಾಲಹಳ್ಳಿ ಕಡೆಯ ಬಯಲಿನಲ್ಲಿ ಎರಡು ತಂತಿಯ ಹಿಡಿಕೆ ಹಿಡಿದು, ನನ್ನ ಸುತ್ತಲೂ ಅದನ್ನು ಕೂರಿಸಿದ ವಿಮಾನ ಹಾರಿಸಿದ್ದೂ ಆಯಿತು. ಹಿತ್ತಾಳೆ ಪಟ್ಟಿ ಕದಲಲಿಲ್ಲ. ಹಾರಾಟ ನೋಡಲು ಮಾವ ಬಂದಿದ್ದು ನಿಜ, ಆದರೆ ನೋಡಿದ್ದು ಕಡಿಮೆ. ಇಳಿದ ಕೂಡಲೇ ಬಿಸಿ ಆರುವ ಮುನ್ನ ಉಳಿದ ಇಂಧನ ಹೊರಹಾಕಿ ತೆಳು ಎಣ್ಣೆ ಬಿಡು ಎಂದು ಅವಸರ ಮಾಡಿದರು.

ಸುದ್ದಿ ಕ್ಯಾಡೆಟ್‌ಗಳ ನಡುವೆ ಹಬ್ಬಿತು. ಒಬ್ಬೊಬ್ಬರಾಗಿ ಕರ್ಚೀಫಿನಲ್ಲಿ ಎಂಜಿನ್ ಸುತ್ತಿಕೊಂಡು ನಮ್ಮ ಮನೆಗೆ ಬರತೊಡಗಿದರು. ಮಾವ ಮೊದಲು ತಿರುಪುಗಳ ತಲೆ ನೋಡುತ್ತಿದ್ದರು. ಒಬ್ಬ ತಂದ ಜಪಾನಿನ ಗ್ಲೋ ಎಂಜಿನ್ನಿನ ತಿರುಪುಗಳೆಲ್ಲ ಸವೆದು ಗುಂಡಗಾಗಿದ್ದವು. ಒಳಗೆ ಬೇರಿಂಗ್ ಕೆಂಪಗೆ ತುಕ್ಕು ಹಿಡಿದಿತ್ತು. ಅದರ ಮೆಥನಾಲ್ ಇಂಧನ ಗಾಳಿಯಿಂದ ನೀರು ಹೀರುತ್ತದೆ, ಓಡಿಸಿ ಹಾಗೇ ಇಟ್ಟರೆ ಬೇರಿಂಗಿಗೆ ಅದೇ ಗತಿ.

‘ಇದನ್ನ ಬಿಚ್ಚಿದ ಮಹಾನುಭಾವನ್ನ ಕರ್ಕೊಂಡ್ ಬಾ’ ಅಂದರು ಮಾವ.

ಹುಡುಗ ತಲೆ ತಗ್ಗಿಸಿ ನಿಂತ. ಮಾವ ಚಪ್ಪಲಿ ಮೆಟ್ಟಿಕೊಂಡು, ‘ನಡಿ, ಎಸ್‌.ಪಿ. ರೋಡಿಗೆ. ಬೇರಿಂಗ್ ದುಡ್ಡು ನಿಂದು, ಬಸ್ ಚಾರ್ಜೂ ನಿಂದೇ’ ಎನ್ನುತ್ತ ಗೇಟು ದಾಟಿದರು.