ಮುತ್ತಿನಕೊಪ್ಪದ ಜಗಲಿಯಲ್ಲಿ ದೂರದರ್ಶನ

ಶಿವಮೊಗ್ಗದಿಂದ ನರಸಿಂಹರಾಜಪುರಕ್ಕೆ ಹೋಗುವ ಬಸ್ಸನ್ನು ಹತ್ತಿದವರಿಗೆ ಬಯಲು ಮುಗಿದು ಮಲೆನಾಡು ತೊಡಗುವ ಅನುಭವ ಕ್ರಮಕ್ರಮವಾಗಿ ಆಗುತ್ತದೆ. ಮೊದಲು ಗದ್ದೆಗಳು ಕಿರಿದಾಗುತ್ತವೆ. ಅನಂತರ ರಸ್ತೆಯ ಎರಡೂ ಬದಿಗೆ ಕಾಡು ಬಂದು ನಿಲ್ಲುತ್ತದೆ. ಆಮೇಲೆ ಕಣಿವೆಗಳ ತಳದಲ್ಲಿ ಅಡಿಕೆ ತೋಟಗಳ ಹಸುರು ತಲೆಗಳು ಕಾಣತೊಡಗುತ್ತವೆ. ಇಂಥ ಸೀಮೆಯ ಊರು ಮುತ್ತಿನಕೊಪ್ಪ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ ತಾಲ್ಲೂಕಿಗೆ ಸೇರಿದ್ದು. ತಾಲ್ಲೂಕಿನ ಮುಖ್ಯ ಊರಿಗೆ ಮೊದಲು ಎಡೆಹಳ್ಳಿಯೆಂದು ಹೆಸರಿದ್ದಿತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಭೇಟಿಯಿತ್ತ ನೆನಪಿಗಾಗಿ ಅದು ನರಸಿಂಹರಾಜಪುರವಾಯಿತು. ಭದ್ರೆಯ ದಡದ ಬಾಳೆಹೊನ್ನೂರೂ ಇದೇ ತಾಲ್ಲೂಕಿನದಾದ್ದರಿಂದ, ಅಲ್ಲಿಯ ರಂಭಾಪುರಿ ಪೀಠಕ್ಕೆ ಹೋಗಿ ಬಂದ ನಮ್ಮ ಓದುಗ ಬಂಧುಗಳಿಗೆ ಈ ಸೀಮೆಯ ಗಾಳಿ ಹೊಸದಲ್ಲ.

ಕೊಪ್ಪವೆಂದರೆ ಚಿಕ್ಕ ಹಳ್ಳಿ. ಆದರೆ ಬಯಲುಸೀಮೆಯವರು ಹಳ್ಳಿಯೆಂದೊಡನೆ ಮನಸ್ಸಿನಲ್ಲಿ ಕಾಣುವ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ನಡುವೆ ಅಗಸಿ, ಚಾವಡಿ, ಗುಡಿಯ ಕಟ್ಟೆ. ಇಲ್ಲಿಯೋ, ರಸ್ತೆಯಂಚಿನ ನಾಲ್ಕು ಅಂಗಡಿಗಳನ್ನು ಬಿಟ್ಟರೆ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸಿದರೆ ಅದೇ ನೆರೆ. ಮಳೆಗಾಲದ ನಾಲ್ಕು ತಿಂಗಳು ಆ ಕೂಗೂ ಮಳೆಯ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಇಂಥ ಊರಿನಲ್ಲಿ ಜನ ಒಂದೆಡೆ ಕಲೆಯಬೇಕಾದರೆ ಮದುವೆಯೋ, ತಾಳಮದ್ದಳೆಯೋ, ಸಂತೆಯೋ ಇರಬೇಕು. 1987ರಲ್ಲಿ ಇವುಗಳ ಜೊತೆಗೆ ಇನ್ನೊಂದು ಕಾರಣ ಸೇರಿಕೊಂಡುದನ್ನು ನಾವು ಕಣ್ಣಾರೆ ಕಂಡೆವು. ಒಂದು ಮನೆಯ ಜಗಲಿಯ ಮೇಲೆ ಒಂದು ಟೀವಿ ಪೆಟ್ಟಿಗೆ ಬಂದು ಕುಳಿತಿತು.

ಆ ಜಗಲಿಯ ವಿಷಯ ಹೇಳುವ ಮೊದಲು ನಮ್ಮ ಬಾಲ್ಯದ ಮಾತೊಂದನ್ನು ಹೇಳಬೇಕು. ಮುತ್ತಿನಕೊಪ್ಪದ ಮಕ್ಕಳಿಗಿಂತ ಹನ್ನೆರಡು ವರ್ಷ ಮೊದಲೇ ಬಯಲುನಾಡಿನ ಮಕ್ಕಳಾದ ನಮಗೆ ಆ ಪೆಟ್ಟಿಗೆಯ ದರ್ಶನವಾಗಿತ್ತು. ಆ ಕಂಡ ಕಣ್ಣಿನಿಂದಲೇ ನಾವು ಇಲ್ಲಿಯದನ್ನೂ ನೋಡಿದೆವು.

ನಮ್ಮ ದೇಶದಲ್ಲಿ ದೂರದರ್ಶನ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರ ನವೆಂಬರ್ 1ರಂದು. ಆದರೆ ರಾಜಧಾನಿಯ ಜನಕ್ಕಿಂತ ಆರು ವರ್ಷ ಮುಂಚೆಯೇ ಟೀವಿಯನ್ನು ಕಂಡವರು ಕರ್ನಾಟಕದಲ್ಲಿದ್ದರು. ಅವರು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕೆಲವು ಹಳ್ಳಿಗಳವರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ನಮ್ಮ ಇಸ್ರೋ ಸಂಸ್ಥೆಯವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಕಾರ್ಯಕ್ರಮಗಳನ್ನು ಮುಟ್ಟಿಸಿದರು. ಸೈಟ್ ಎಂಬುದು ಆ ಪ್ರಯೋಗದ ಹೆಸರು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರೆಲ್ಲರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು, ಒಂದಿಷ್ಟು ನಾಟಕ.

ಆಗ ನಮಗೆ ಹದಿಮೂರು ವರ್ಷ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಮಠದಲ್ಲಿ ಉಂಡು, ಮಲಗಿ, ಅಲ್ಲಿಯ ಶಾಲೆಗೆ ಹೋಗುತ್ತಿದ್ದ ಹುಡುಗರಲ್ಲಿ ನಾವೂ ಒಬ್ಬರು. ಶಾಲೆಯ ಅಂಗಳದಲ್ಲಿ ಹತ್ತು ಅಡಿ ಅಗಲದ, ಕೋಳಿಗೂಡಿನ ಬಲೆಯಂಥ ತಂತಿಯಿಂದ ಹೆಣೆದ ಬೋಗುಣಿಯೊಂದನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದಾಗ, ಇದು ಮಳೆ ತರಿಸುವ ಯಂತ್ರವೆಂದು ಕೆಲವರು ಹೇಳಿದರು. ಬರಗಾಲದ ನೆಲದವರಿಗೆ ಅದಕ್ಕಿಂತ ಬೇರೆ ಏನು ತೋಚೀತು! ಟೀವಿಯ ಪೆಟ್ಟಿಗೆಗೆ ಬೀಗವಿರುತ್ತಿತ್ತು. ಸಂಜೆ ಬೀಗ ತೆಗೆಯುವ ಹೊತ್ತಿಗೆ ಊರು ಊರೇ ಶಾಲೆಯ ಮುಂದೆ ಕೂಡಿರುತ್ತಿತ್ತು. ಗೌಡರಿಗೆಂದು ಕುರ್ಚಿ ಬಂದುದುಂಟು. ಹೆಂಗಸರು ಒಂದು ಬದಿಗೆ, ಗಂಡಸರು ಇನ್ನೊಂದು ಬದಿಗೆ ಕುಳಿತುದುಂಟು. ಕೇರಿಯ ಜನ ಸ್ವಲ್ಪ ದೂರ ಬಿಟ್ಟು ಕುಳಿತುದೂ ಉಂಟು. ಆದರೂ ಶಾಲೆ ಸರ್ಕಾರದ್ದು, ಪೆಟ್ಟಿಗೆ ಸರ್ಕಾರದ್ದು. ಯಾರನ್ನೂ ಎದ್ದು ಹೋಗು ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಮಕ್ಕಳಾದ ನಾವಂತೂ ಪರದೆಯ ಮುಂದಿನ ಮಣ್ಣಿನಲ್ಲಿ ಯಾರ ಪಕ್ಕ ಯಾರೆಂದು ನೋಡದೆ ಒತ್ತೊತ್ತಾಗಿ ಕೂಡುತ್ತಿದ್ದೆವು. ಊರಿನಲ್ಲಿ ಹಾಗೆ ಕೂಡಲು ನಮಗೆ ಬೇರೆ ಜಾಗವೇ ಇರಲಿಲ್ಲ.

1976ರ ಜುಲೈ 31ಕ್ಕೆ ಅವಧಿ ಮುಗಿದು ಉಪಗ್ರಹ ಹಿಂತಿರುಗಿತು. ಮರುದಿನ ಸಂಜೆಯೂ ಜನ ಬಂದು ಕುಳಿತು, ಬಹಳ ಹೊತ್ತು ಕಾಯ್ದು ಎದ್ದು ಹೋದರು. ಕೆಲವು ದಿನಗಳ ಮೇಲೆ ಆ ಬಲೆಯ ಬೋಗುಣಿಗೆ ಯಾರೋ ಹೀರೆ ಬಳ್ಳಿಯನ್ನು ಹಬ್ಬಿಸಿದರು.

ಇನ್ನು ಮುತ್ತಿನಕೊಪ್ಪಕ್ಕೆ ಬರೋಣ. ಮಠದ ವಿದ್ಯಾಭ್ಯಾಸ ಮುಗಿಸಿದ ಮೇಲೆ ಹಳೆಯ ಮನೆತನಗಳಲ್ಲಿ ಉಳಿದಿದ್ದ ತಾಳೆಗರಿಗಳ ಪ್ರತಿ ಮಾಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಆ ನಿಮಿತ್ತ 1987ರ ಬೇಸಿಗೆಯಲ್ಲಿ ಇಲ್ಲಿಯ ಅಡಿಕೆ ಬೆಳೆಗಾರರೊಬ್ಬರ ಮನೆಗೆ ಬಂದವರು ಮಳೆಗಾಲ ಹಿಡಿಯುವವರೆಗೂ ಉಳಿದೆವು. ಅಲ್ಲಿಯವರೆಗೆ ಹೊರಲೋಕದ ದನಿಯೆಂದರೆ ಆ ಸೀಮೆಗೆ ಆಕಾಶವಾಣಿಯೇ. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರದ ಪ್ರದೇಶ ಸಮಾಚಾರವನ್ನು ಕೇಳಿಯೇ ಗಂಡಸರು ತೋಟಕ್ಕಿಳಿಯುತ್ತಿದ್ದರು. ರೇಡಿಯೋದ ಅಲೆಗೆ ಗುಡ್ಡಗಳ ತಡೆ ಅಷ್ಟಾಗಿ ಇರಲಿಲ್ಲ. ದೂರದರ್ಶನದ ಸಂಗತಿ ಬೇರೆ. ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿದ ತರುವಾಯ ದೇಶದ ನಗರ ಪಟ್ಟಣಗಳಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಗೋಪುರಗಳು ಒಂದರ ಹಿಂದೊಂದು ಎದ್ದವು. ಆದರೆ ಆ ಗೋಪುರದ ಅಲೆ ನೇರ ಹಾದಿಯ ಪಯಣಿಗ. ಅಡ್ಡಲಾಗಿ ಗುಡ್ಡ ಬಂದರೆ ಅಲ್ಲಿಗೆ ಅದರ ಯಾತ್ರೆ ಮುಗಿಯಿತು. ತೋಟವಿರುವುದು ಕಣಿವೆಯಲ್ಲಿ, ಮನೆಯಿರುವುದು ತೋಟದ ಬದಿಯಲ್ಲಿ. ಹೀಗಾಗಿ ಹಣವಿದ್ದ ಎಷ್ಟೋ ಮನೆಗಳಿಗೆ ಚಿತ್ರ ಸಿಗಲಿಲ್ಲ. ನಾವಿಳಿದುಕೊಂಡಿದ್ದ ಮನೆ ದಿಬ್ಬದ ಮೇಲಿತ್ತು. ಅದೊಂದೇ ಅದರ ಭಾಗ್ಯ.

ಎರಡು ಅಡಿಕೆ ಮರಗಳನ್ನು ಕಟ್ಟಿ ಎತ್ತರಿಸಿದ ಕಂಬದ ತುದಿಯಲ್ಲಿ ಆಂಟೆನಾ. ಕೆಳಗೊಬ್ಬ ಕಂಬವನ್ನು ತಿರುಗಿಸುವವನು, ಜಗಲಿಯಲ್ಲೊಬ್ಬ ಪರದೆ ನೋಡುವವನು, ನಡುವೆ ಸುದ್ದಿ ಮುಟ್ಟಿಸುವ ಹುಡುಗರ ಸಾಲು. "ಬಂತಾ?" "ಬಂತು, ಬಂತು... ಹೋಯ್ತು!" ಇರುವೆ ಹರಿದಂಥ ಚುಕ್ಕೆಗಳ ನಡುವಿನಿಂದ ಒಂದು ಮುಖ ಮೂಡಿದರೆ ಅಂಗಳದಲ್ಲೆಲ್ಲ ಹರ್ಷೋದ್ಗಾರ. ವಿದ್ಯುತ್ತನ್ನು ನಂಬುವಂತಿರಲಿಲ್ಲವಾದ್ದರಿಂದ ಹನ್ನೆರಡು ವೋಲ್ಟಿನ ಬ್ಯಾಟರಿಯೊಂದನ್ನು ಇಟ್ಟಿದ್ದರು. ಅದು ವಾರಕ್ಕೊಮ್ಮೆ ಬಸ್ಸು ಹತ್ತಿ ಪೇಟೆಗೆ ಹೋಗಿ ಚಾರ್ಜು ತುಂಬಿಸಿಕೊಂಡು ಬರುತ್ತಿತ್ತು.

ಆ ವರ್ಷದ ಜನವರಿ 25ರಿಂದ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ‘ರಾಮಾಯಣ’ ಆರಂಭವಾಗಿತ್ತು. ಮೊದಲ ವಾರಗಳಲ್ಲಿ ಟೀವಿಯನ್ನು ಒಳಗಿನ ಪಡಸಾಲೆಯಲ್ಲಿ ಇಟ್ಟಿದ್ದರಂತೆ. ಮನೆಯವರು, ನೆಂಟರು, ಸಮಾನಸ್ಕಂಧರು ಒಳಗೆ. ತೋಟದ ಕೆಲಸದವರ ಮಕ್ಕಳು ಕಿಟಕಿಯ ಸರಳು ಹಿಡಿದು ಹೊರಗೆ. ಒಂದು ಕಿಟಕಿಗೆ ಎಷ್ಟು ಮಕ್ಕಳು? ಹಿಂದಿನವರಿಗೆ ಮುಂದಿನವರ ತಲೆಯೇ ರಾಮಾಯಣ. ನಾವು ಬರುವ ಹೊತ್ತಿಗೆ ಯಜಮಾನರು ಟೀವಿಯನ್ನು ಜಗಲಿಗೆ ತರಿಸಿ, ಅಂಗಳದ ಕಡೆಗೆ ಮುಖಮಾಡಿ ಇರಿಸಿದ್ದರು. ಕಿಟಕಿಯ ಗಲಾಟೆ ತಪ್ಪಲೆಂದು ಮಾಡಿದ್ದೆಂದು ಅವರು ಹೇಳಿದರು. ಅದರಿಂದ ಮನೆಯೊಳಗಿನವರಿಗೆ ಒಂದು ತೊಡಕಾಯಿತು. ಒಳಬಾಗಿಲಲ್ಲಿ ನಿಂತವರಿಗೆ ಕಾಣುವುದು ಟೀವಿಯ ಬೆನ್ನು ಮಾತ್ರ. ಸೊಸೆಯಂದಿರು ಕೆಲವು ವಾರ ಬಾಗಿಲ ಸಂದಿಯಿಂದ ಇಣುಕಿ ಸಾಕಾದರು. ಕಡೆಗೆ ಮನೆಯ ಹಿರಿಯ ಜೀವವಾದ ಅಜ್ಜಿ ಒಂದು ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕಿಳಿದು, ತೋಟದ ಕೆಲಸದ ಹೆಂಗಸರ ಸಾಲಿನ ಮುಂದೆ ಹಾಸಿ ಕುಳಿತುಬಿಟ್ಟರು. ಅವರ ಹಿಂದೆ ಸೊಸೆಯಂದಿರೂ ಇಳಿದರು.

ಹಿಂದಿಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. "ಶಾಸ್ತ್ರಿಗಳೇ, ಈಗೇನಂತೆ?" ಎಂದು ಅಜ್ಜಿ ನಮ್ಮನ್ನು ಕೇಳುವರು, ನಾವು ಹೇಳುವ ಮೊದಲೇ ಹಿಂದಿನಿಂದ ಒಬ್ಬಾಕೆ ಕಥೆಯನ್ನು ಮುಂದುವರಿಸುವಳು. ತಾಳಮದ್ದಳೆ ಯಕ್ಷಗಾನಗಳನ್ನು ರಾತ್ರಿಯಿಡೀ ಕೇಳಿ ಬೆಳೆದ ಜನಕ್ಕೆ ರಾಮಾಯಣದ ಅರ್ಥ ಹೇಳಲು ಶಾಸ್ತ್ರಿಗಳು ಬೇಕಾಗಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಕಾರ್ಯಕ್ರಮದ ನಡುವೆಯೇ ಮಳೆ ಇಳಿಯಿತು. ಮನೆಯವರು ಎದ್ದು ಜಗಲಿಗೆ ಬಂದರು. ಕೆಲಸದವರು ಎಂದಿನ ರೂಢಿಯಂತೆ ಕೊಟ್ಟಿಗೆಯ ಕಡೆಗೆ ಹೊರಟರು. ಜಗಲಿಯ ಮೆಟ್ಟಿಲನ್ನು ಅವರು ಹತ್ತುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಜ್ಜಿ ಜಗಲಿಯ ಕಂಬವನ್ನು ಹಿಡಿದು ನಿಂತು, "ಮಕ್ಕಳನ್ನ ನೆನೆಸ್ಕೊಂಡು ಎಲ್ಲಿಗೆ ಹೊರಟ್ರೇ? ಮೇಲೆ ಬನ್ನಿ" ಎಂದರು. "ಇರ್ಲಿ ಬಿಡ್ರಮ್ಮ, ನಾವು ಇಲ್ಲೇ ಇರ್ತೀವಿ" ಎಂದು ಆ ಹೆಂಗಸರು ಅಳುಕಿದರು. ಅಜ್ಜಿ ಇನ್ನೊಮ್ಮೆ ಕರೆದರು. ಯಜಮಾನರು ಮಾತಾಡಲಿಲ್ಲ. ಮೊದಲು ಒಂದು ಮಗು ಹತ್ತಿತು, ಅನಂತರ ಅದರ ತಾಯಿ, ಅನಂತರ ಎಲ್ಲರೂ. ಟೀವಿಯನ್ನು ಗೋಡೆಯ ಕಡೆಗೆ ಸರಿಸಿ ಮುಖ ತಿರುಗಿಸಲಾಯಿತು. ಹೊರಗೆ ಹೆಂಚಿನಿಂದ ಧಾರೆ ಸುರಿಯುತ್ತಿರಲು, ಆ ದಿನ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇದರಿಂದ ಊರಿನ ರೂಢಿಗಳೆಲ್ಲ ಒಂದೇ ದಿನದಲ್ಲಿ ಕರಗಿದುವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಮರುದಿನ ಕೂಲಿಯ ಹಣವನ್ನು ಎಂದಿನಂತೆ ಅಂಗಳದಲ್ಲಿ ನಿಲ್ಲಿಸಿಯೇ ಕೊಟ್ಟರು. ಆದರೆ ಆ ಮಳೆಗಾಲದ ಭಾನುವಾರಗಳಲ್ಲಿ ಮಾತ್ರ ಯಾರೂ ಯಾರನ್ನೂ ಕೇಳದೆ ಮೆಟ್ಟಿಲು ಹತ್ತತೊಡಗಿದರು. ಎಷ್ಟೋ ಉಪದೇಶಗಳಿಂದ ಆಗದ ಕೆಲಸದ ಒಂದು ಚೂರನ್ನಾದರೂ ಮಳೆ ಮತ್ತು ಟೀವಿ ಕೂಡಿ ಮಾಡಿದುವೆಂಬುದು ನಮ್ಮ ಅನುಭವ.

ಅದೇ ವರ್ಷಗಳಲ್ಲಿ ಬಂದ ಇನ್ನೊಂದು ಧಾರಾವಾಹಿಯನ್ನು ಈ ಸೀಮೆಯವರು ಮರೆಯುವಂತಿಲ್ಲ. ಆರ್.ಕೆ. ನಾರಾಯಣರ ಕಥೆಗಳನ್ನಾಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಚಿತ್ರಿತವಾಗಿತ್ತು. ದೆಹಲಿಯಿಂದ ಹೊರಟು ಮುಗಿಲಿಗೇರಿ ಇಳಿದ ಚಿತ್ರದಲ್ಲಿ ತಮ್ಮದೇ ಹೆಂಚಿನ ಮಾಡು, ತಮ್ಮದೇ ಮರದ ಕಂಬ, ತಮ್ಮದೇ ಮಳೆ! ಮಾತು ಹಿಂದಿಯಾದರೇನು, ಮನೆ ನಮ್ಮದಲ್ಲವೇ ಎಂದು ಮಕ್ಕಳು ಕುಣಿದಾಡಿದರು.

ಈಚೆಗೆ ಮುತ್ತಿನಕೊಪ್ಪಕ್ಕೆ ಮತ್ತೊಮ್ಮೆ ಹೋಗಿ ಬಂದೆವು. ಅಜ್ಜಿಯೂ ಯಜಮಾನರೂ ಈಗಿಲ್ಲ. ಆಂಟೆನಾದ ಅಡಿಕೆ ಕಂಬ ಎಂದೋ ಒಲೆಗೆ ಹೋಯಿತು. ಪ್ರತಿಯೊಂದು ಮನೆಯ ಮಾಡಿನ ಮೇಲೂ ಎರಡು ಅಡಿಯ ತಟ್ಟೆಯೊಂದು ಆಕಾಶವನ್ನು ನೋಡುತ್ತಿದೆ. 2003ರಿಂದೀಚೆಗೆ ನಮ್ಮ ದೇಶದಲ್ಲಿ ಮನೆಮನೆಗೆ ಉಪಗ್ರಹದಿಂದಲೇ ಪ್ರಸಾರ ಬರತೊಡಗಿತಷ್ಟೆ. ನಮ್ಮ ಬಾಲ್ಯದ ಆ ಹತ್ತು ಅಡಿಯ ಬಲೆಯ ಬೋಗುಣಿಯೇ ಕಿರಿದಾಗಿ ಮರಳಿ ಬಂದಂತೆ ನಮಗೆ ತೋರಿತು. ಸಂಕೇತ ಮೇಲಿನಿಂದ ಇಳಿಯುವುದರಿಂದ ಗುಡ್ಡದ ತಡೆಯಿಲ್ಲ. ಕಣಿವೆಯ ಮನೆಗೂ ದಿಬ್ಬದ ಮನೆಗೂ ಭೇದವಿಲ್ಲ. ಕೆಲಸದವರ ಮನೆಗಳಲ್ಲಿಯೂ ಬಣ್ಣದ ಟೀವಿಗಳಿವೆ. ಯಾರ ಮಗುವೂ ಇನ್ನೊಬ್ಬರ ಕಿಟಕಿಯ ಸರಳನ್ನು ಹಿಡಿದು ನಿಲ್ಲಬೇಕಾಗಿಲ್ಲ. ಇದು ಸಂತೋಷದ ಸಂಗತಿ. ಹಳೆಯ ದಿನಗಳೇ ಚೆನ್ನಾಗಿದ್ದುವೆಂದು ಹೇಳುವವರು ಆ ಸರಳುಗಳನ್ನು ಮರೆತಿರುತ್ತಾರೆ.

ಅಂದು ಜಗಲಿಯಲ್ಲಿದ್ದ ಇಬ್ಬರು ಮಕ್ಕಳನ್ನು, ಈಗ ನಡುವಯಸ್ಸಿನವರನ್ನು, ಮಾತನಾಡಿಸಿದೆವು. ಮನೆಯ ಮೊಮ್ಮಗ ಈಗ ತೋಟದ ಯಜಮಾನ. ಹನುಮಂತ, ಮಾಲ್ಗುಡಿಯ ಸ್ವಾಮಿ, ವಾಶಿಂಗ್ ಪೌಡರಿನ ಜಾಹೀರಾತು ಎಲ್ಲವನ್ನೂ ಸಾಲಾಗಿ ನೆನೆದು ನಕ್ಕರು. ಇನ್ನೊಬ್ಬಾಕೆ ತೋಟದ ಕೆಲಸದವರ ಮಗಳು, ಈಗ ಅಂಗನವಾಡಿಯಲ್ಲಿದ್ದಾರೆ. ಏನು ನೆನಪಿದೆ ತಾಯಿ ಎಂದರೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಥೆ ಅಷ್ಟಾಗಿ ನೆನಪಿಲ್ಲ ಶಾಸ್ತ್ರಿಗಳೇ. ಜಗಲಿ ನೆಲ ಕೆಂಪಗೆ, ನುಣ್ಣಗೆ ಇತ್ತು. ಒದ್ದೆ ಕಾಲಲ್ಲಿ ಹ್ಯಾಗೆ ಇಡೋದು ಅಂತ ನಮ್ಮಮ್ಮ ನನ್ನ ಕಾಲನ್ನ ಸೆರಗಿನಲ್ಲಿ ಒರೆಸಿದ್ರು, ಅದು ನೆನಪಿದೆ" ಎಂದರು.

ಒಂದೇ ಪೆಟ್ಟಿಗೆಯ ಮುಂದೆ ಕುಳಿತ ಇಬ್ಬರು ಮಕ್ಕಳು ಬೇರೆ ಬೇರೆಯಾದುದನ್ನು ಕಂಡಿದ್ದರು. ಟೀವಿಯಿಂದ ಮಕ್ಕಳು ಕೆಟ್ಟರೋ ಒಳ್ಳೆಯವರಾದರೋ ಎಂಬ ಚರ್ಚೆ ನಮ್ಮ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದಿದೆ. ಈಗ ಅದೇ ಚರ್ಚೆ ಮೊಬೈಲಿನ ವಿಷಯಕ್ಕೆ ತಿರುಗಿದೆ. ಪರದೆಯ ಮೇಲೆ ಏನು ಬಂತೆಂದು ಎಲ್ಲರೂ ಕೇಳುತ್ತಾರೆ. ಅದನ್ನು ಯಾವ ಜಾಗದಲ್ಲಿ ಇಟ್ಟೆವು, ಅದರ ಮುಂದೆ ಯಾರಿಗೆ ಎಡೆ ಕೊಟ್ಟೆವು ಎಂಬುದನ್ನು ಕೇಳುವವರು ಕಡಿಮೆ. ಶಾಲೆಯ ಅಂಗಳದಲ್ಲಿಟ್ಟಾಗ ಅದು ಊರಿನದಾಗಿತ್ತು, ಪಡಸಾಲೆಯಲ್ಲಿಟ್ಟಾಗ ನೆಂಟರದಾಯಿತು, ಜಗಲಿಗೆ ಬಂದಾಗ ನೆರೆಯವರದಾಯಿತು, ಅಂಗೈಗೆ ಬಂದಾಗ ಒಬ್ಬೊಬ್ಬರದಾಯಿತು. ಮನೆಯ ಹಿರಿಯರು ವಾರಕ್ಕೊಮ್ಮೆಯಾದರೂ ಆ ಪರದೆಯನ್ನು ನಾಲ್ಕು ಜನ ಕೂಡುವ ಕಡೆಗೆ ತಿರುಗಿಸಿ, ಪಕ್ಕದ ಮನೆಯ ಮಕ್ಕಳನ್ನೂ ಕರೆದರೆ ಒಳಿತು. ಮುತ್ತಿನಕೊಪ್ಪದ ಆ ಅಜ್ಜಿಗೆ ಇದನ್ನು ಮಾಡಲು ಒಂದು ಚಾಪೆ, ಎರಡು ಸಲದ ಕರೆ ಸಾಕಾಗಿದ್ದುವು.