ಬಾಗಿಲು ತೆರೆದ ಒಡ್ಡು

ಫೆಬ್ರವರಿ ಚಳಿಯಲ್ಲಿ ಪ್ರವಾಸವೇ ಎಂದು ಡೆಲ್ಫ್ಟ್‌ನ ನೆರೆಯವರು ನಕ್ಕರು. ಸಾಗರದಿಂದ ಬಂದಿದ್ದ ಅಮ್ಮನ ವೀಸಾ ಮುಗಿಯುತ್ತಿತ್ತು. ಟುಲಿಪ್ ಅರಳುವವರೆಗೆ ಕಾಯುವಂತಿರಲಿಲ್ಲ. ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಕಾರು ಹತ್ತಿದೆವು. ಅಮ್ಮನ ಬಿ.ಪಿ. ಮಾತ್ರೆ ಮರೆತು ಅರ್ಧ ದಾರಿಯಿಂದ ಹಿಂತಿರುಗಿದ್ದೂ ಆಯಿತು. (ಮನೆಯಲ್ಲಿ ಡಾಕ್ಟರಿದ್ದರೆ ಹೀಗೇ!)

ಕಿಂಡರ್‌ಡೈಕ್‌ನ 19 ಗಾಳಿಯಂತ್ರಗಳನ್ನು ಜನಜಂಗುಳಿಯಿಲ್ಲದೆ ನೋಡಿ, ಓಸ್ಟರ್‌ಸ್ಕೆಲ್ಡೆ ರಾಷ್ಟ್ರೀಯ ಉದ್ಯಾನ ಸೇರಿದೆವು. ಉದ್ಯಾನವೆಂದರೆ ಇಲ್ಲಿ ಕಾಡಲ್ಲ. ಉಪ್ಪುನೀರು, ಕೆಸರು, ಹಕ್ಕಿ. 1953ರಲ್ಲಿ ಸಮುದ್ರ ಉಕ್ಕಿ ಈ ದೇಶದಲ್ಲಿ 1836 ಜನ ಸತ್ತರು. ಆಮೇಲೆ ಯೋಚಿಸಿ, 1986ರಲ್ಲಿ ಮುಗಿಸಿದ ಒಡ್ಡಿಗೆ 62 ಉಕ್ಕಿನ ಬಾಗಿಲು.

"ಎಲ್ಲಾ ತೆರೆದೇ ಇದೆಯಲ್ಲೋ?" ಎಂದಳು ಅಮ್ಮ.

ಬಿರುಗಾಳಿ ಬಂದರೆ ಮಾತ್ರ ಇಳಿಸುತ್ತಾರೆ. ಮೊದಲು ಪೂರ್ತಿ ಮುಚ್ಚಿಬಿಡುವ ಯೋಜನೆಯಿತ್ತು. ಮೀನುಗಾರರು, ಪರಿಸರದವರು ಬೇಡವೆಂದು ಹೋರಾಡಿದ ಮೇಲೆ ಬದಲಾಯಿಸಿದರು ಎಂದೆ.

"ಹೇಳಿದ್ದು ಕೇಳಿದರಾ?"

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅಮ್ಮನ ತವರೂರು ಅದರಡಿಗೆ ಹೋಯಿತು. ನಮ್ಮೆದುರು ಅವಳು ಆ ಮಾತೆತ್ತಿದವಳೇ ಅಲ್ಲ. ಅಂದು ಹಿಂದಿನ ಸೀಟಿನಲ್ಲಿ ಕುಳಿತು, ಜಗಲಿ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ಅಡಕೆ ತೋಟಕ್ಕೆ ಇಳಿಯುವ ಮೆಟ್ಟಿಲು ಎಷ್ಟಿದ್ದವು ಎಂದು ಮೊಮ್ಮಗಳಿಗೆ ಡೆಲ್ಫ್ಟ್ ಬರುವವರೆಗೂ ಹೇಳುತ್ತಲೇ ಇದ್ದಳು. ನಾನು ಕಾರನ್ನು ಸ್ವಲ್ಪ ನಿಧಾನವಾಗಿಯೇ ಓಡಿಸಿದೆ.